ಐವತ್ತು ರೂಪಾಯಿಯ ಅತ್ತರು, ಬೇಲಿಯ ಜಾಲಿ

ರಾಯಚೂರಿನಲ್ಲಿ ಪರಿಮಳ ನೋಡುವವರು ಹೊತ್ತು ಏರುವ ಮೊದಲೇ ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿತೆಂದರೆ ಮಲ್ಲಿಗೆ ದಂಡೆಯೂ ಮುಡಿದ ತಾಸಿನಲ್ಲೇ ಸೊರಗುತ್ತದೆ. ಆಮೇಲೆ ಉಳಿಯುವುದು ಹತ್ತಿ ಜಿನ್ನಿನ ಧೂಳು, ಅಕ್ಕಿ ಗಿರಣಿಯ ಹೊಟ್ಟಿನ ಹೊಗೆ, ಮೆಣಸಿನಕಾಯಿ ಚೀಲದ ಘಾಟು. ಬೆಳಗಿನ ಜಾವ ಹಾಗಲ್ಲ. ರಾತ್ರಿ ತಣಿದ ನೆಲದ ಮೇಲೆ ತಂಪು ಗಾಳಿ ಪದರಾಗಿ ಕೂತಿರುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಮುಚ್ಚಳ. ಬೇಲಿಯ ಹೂವಿನ ಗಂಧ ಮೇಲೇಳಲಾಗದೆ ಸೊಂಟದೆತ್ತರದಲ್ಲೇ ಹರಿದಾಡುತ್ತಿರುತ್ತದೆ. ಸೂರ್ಯ ಎರಡಾಳು ಏರಿದನೋ, ಆ ಮುಚ್ಚಳ ಒಡೆಯಿತು, ಗಂಧ ಚದುರಿತು.

ಕಳೆಗಿಡ, ಮುಳ್ಳುಕಂಟಿ, ಮಣ್ಣು ಇವುಗಳ ವಾಸನೆ ಬರೆದಿಡುವುದು ನನ್ನ ಹಳೆಯ ಚಟ. ಆ ಟಿಪ್ಪಣಿಯೊಳಗೆ ಅಂಗಡಿಯ ಅತ್ತರೊಂದು ನುಸುಳಿದ್ದು ತೀನ್ ಕಂದೀಲ್ ಸುತ್ತಿನ ಬಜಾರಿನಿಂದ. ಕಿರುಬೆರಳಿನಷ್ಟು ಸೀಸೆ, ಬಾಯಿಗೆ ಉರುಳುವ ಗುಂಡು, ಬೆಲೆ ಐವತ್ತು ರೂಪಾಯಿ. ಚೀಟಿಯ ಮೇಲೆ ಐದೆಸಳಿನ ಬಿಳಿ ಹೂವಿನ ಚಿತ್ರ. ಅದು ಯಾವ ಕುಟುಂಬದ ಹೂವೆಂದು ಸಸ್ಯಶಾಸ್ತ್ರ ಓದಿದವರೂ ಹೇಳಲಾರರು. ಅಂಗಡಿಯವನು ಮಜ್ಮುವಾ, ಜನ್ನತುಲ್ ಫಿರ್ದೌಸ್, ಖಸ್, ಗುಲಾಬ್ ಎಂದು ಒಂದೊಂದನ್ನೇ ಮುಂಗೈಗೆ ಸವರಿ ತೋರಿಸಿದ. ಇನ್ನೂ ಮೆತ್ತಗಿನ ಸಿಹಿ ಬೇಕು ಎಂದೆ. “ಪೌಡರ್ ವಾಸನಿ ಬೇಕಂತೀರೇನ್ರಿ? ಹಂಗಂದ್ರ ಇದು ಒಯ್ರಿ. ಬ್ಯಾಸಗ್ಯಾಗ ಇದೇ ಭಾಳ ಹೋಗ್ತದ” ಎಂದು ಈ ಸೀಸೆ ತೆಗೆದ.

ಹೂವನ್ನು ತಾಮ್ರದ ಡೇಗಿನಲ್ಲಿ ಬೇಯಿಸಿ, ಅದರ ಆವಿಯನ್ನು ಶ್ರೀಗಂಧದ ಎಣ್ಣೆಯೊಳಗೆ ಇಳಿಸುವುದು ಉತ್ತರ ಪ್ರದೇಶದ ಕನೌಜಿನ ಹಳೆಯ ಪದ್ಧತಿ. ಐವತ್ತು ರೂಪಾಯಿಗೆ ಗಂಧದೆಣ್ಣೆಯ ಮಾತೇ ಬೇಡ, ಹೂವಿನದೂ ಬೇಡ. ಅಗ್ಗದ ಅತ್ತರು ಎಂದರೆ ಲಿಕ್ವಿಡ್ ಪ್ಯಾರಾಫಿನ್‌ನಂಥ ವಾಸನೆಯಿಲ್ಲದ ಎಣ್ಣೆಯಲ್ಲಿ ಕಾರ್ಖಾನೆಯ ಪರಿಮಳ ಕದಡಿದ್ದು. ಇದು ಗೊತ್ತಿದ್ದೂ ಕೊಂಡೆ. ಹಾಗೆಂದು ಈ ನಾಡಿನ ಮೂಗು ಒರಟಲ್ಲ. ರಾಯಚೂರು ಬಿಜಾಪುರದ ಕೈಯಲ್ಲಿದ್ದಾಗ, ಎರಡನೇ ಇಬ್ರಾಹಿಂ ಆದಿಲ್ ಶಾಹನಿಗಾಗಿ ಪರಿಮಳ ಮಾಡುವ ವಿದ್ಯೆಯ ಮೇಲೇ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಪಾರಸಿ ಗ್ರಂಥ ಬರೆದವರಿದ್ದರು. ಅದಕ್ಕೂ ಐದಾರು ನೂರು ವರ್ಷ ಹಿಂದೆ, 1025ರ ಸುಮಾರಿಗೆ, ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ಚಾವುಂಡರಾಯ ಬರೆದ ಕನ್ನಡದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ಗಿಡ ಬೆಳೆಸುವುದು, ಅಡುಗೆ ಮಾಡುವುದರ ಜೊತೆಗೆ ಸುಗಂಧಕ್ಕೂ ಒಂದು ಅಧ್ಯಾಯವಿದೆ. ಸಂಸಾರಕ್ಕೆ ಬೇಕಾದ ತಿಳಿವಳಿಕೆಯಲ್ಲಿ ಪರಿಮಳವೂ ಒಂದು ಎಂದು ಆತ ತಿಳಿದಿದ್ದ.

ಪರೀಕ್ಷೆಯನ್ನು ನಾನು ಗಿಡ ಗುರುತಿಸುವ ರೀತಿಯಲ್ಲೇ ಮಾಡಿದೆ. ಒಂದೇ ಗಿಡವನ್ನು ಎಳೆಯದರಲ್ಲಿ, ಹೂವಾದಾಗ, ಕಾಯಾದಾಗ, ಒಣಗಿದಾಗ ನೋಡಬೇಕಲ್ಲ, ಹಾಗೆಯೇ ಒಂದೇ ಹನಿಯನ್ನು ಬೇರೆ ಬೇರೆ ಆಸರೆಯ ಮೇಲಿಟ್ಟು ಬೇರೆ ಬೇರೆ ಹೊತ್ತಿನಲ್ಲಿ ಮೂಸುವುದು.

ಮುಂಗೈ ಚರ್ಮದ ಮೇಲೆ ಅದು ಆರಂಭದಲ್ಲಿ ಚುರುಕಾಗಿತ್ತು. ಹಣ್ಣಿನ ಮಿಠಾಯಿಯ ತೀಕ್ಷ್ಣ ಸಿಹಿ, ಅದರ ಹಿಂದೆ ಸ್ವಲ್ಪ ಸಾಬೂನು. ಕಾಲು ತಾಸಿನಲ್ಲಿ ಅದು ಹಾರಿಹೋಗಿ ಪೌಡರು ಬಂತು: ಒಣಗಿದ್ದು, ಮೆತ್ತಗಿದ್ದು, ಬಾದಾಮಿಯ ಸುಳಿವುಳ್ಳದ್ದು. ಮಧ್ಯಾಹ್ನದ ಹೊತ್ತಿಗೆ ಬೆವರಿನೊಳಗೆ ಬೆರೆತು, ತೊಳೆದು ಒಣಹಾಕಿದ ಬಟ್ಟೆಯ ನೆನಪು ತರುವ ಒಂದು ತೆಳು ಕಸ್ತೂರಿಯಷ್ಟೇ ಉಳಿಯಿತು. ಹತ್ತಿ ಬಟ್ಟೆಯ ಮೇಲೆ ಕತೆ ಬೇರೆ. ಮೊದಲ ಚುರುಕು ಮಂದ, ಪೌಡರು ಮಾತ್ರ ರಾತ್ರಿ ಕಳೆದರೂ ಗಟ್ಟಿ. ದೇಹದ ಬಿಸಿ ಸಿಗದ ಕಡೆ ಭಾರದ ಅಣುಗಳು ನಿಧಾನವಾಗಿ ಬಿಡುಗಡೆಯಾಗುತ್ತವೆ. ಅಂಗಿಯ ಒಳಮಡಿಕೆಗೆ ಅತ್ತರು ತಾಗಿಸುವವರೂ, ಅತ್ತರಿನ ಹತ್ತಿಯುಂಡೆಯನ್ನು ಕಿವಿಯ ಸಂದಿಗೆ ಸಿಕ್ಕಿಸುವ ಹಿರಿಯರೂ ಇದನ್ನು ರಸಾಯನಶಾಸ್ತ್ರ ಓದಿ ಕಲಿತವರಲ್ಲ. ಬಿಸಿಲಿಗೆ ಕಾದ ಗ್ರಾನೈಟ್ ಚಪ್ಪಡಿಯ ಮೇಲಿಟ್ಟ ಹನಿ ಹೇಳಿಕೊಳ್ಳುವಂಥದ್ದಲ್ಲ. ಒಂದು ಸಲ ಗಮ್ಮೆಂದು ಎದ್ದು ಮುಗಿಯಿತು.

ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಎರೆಮಣ್ಣು. ಹೊಲದ ಬಿರುಕಿನಿಂದ ಎತ್ತಿದ ಒಣ ಹೆಂಟೆಯೊಂದರ ಮೇಲೆ ಹನಿ ಬಿಟ್ಟೆ. ಮಣ್ಣು ಅದನ್ನು ಹೀರಿತು, ಕಲೆಯೂ ಉಳಿಯಲಿಲ್ಲ. ಮೂಗು ತಾಗುವಷ್ಟು ಹತ್ತಿರ ಹಿಡಿದರೂ ವಾಸನೆ ಅರ್ಧಕ್ಕಿಂತ ಕಡಿಮೆ. ಮರುದಿನ ಇಲ್ಲವೇ ಇಲ್ಲ ಎನ್ನುವಷ್ಟು. ಆಮೇಲೆ ಬೆರಳು ನೀರಿಗೆ ಅದ್ದಿ ಹೆಂಟೆಯ ಮೇಲೆ ನಾಲ್ಕು ಹನಿ ಚಿಮುಕಿಸಿದೆ. ಮೊದಲು ಮಣ್ಣಿನ ವಾಸನೆ ಎದ್ದಿತು, ಮುಂಗಾರಿನ ಮೊದಲ ಮಳೆಯದ್ದು. ಅದರ ಬೆನ್ನಿಗೇ, ಎಲ್ಲಿ ಅಡಗಿತ್ತೋ, ಪೌಡರಿನ ಸಿಹಿ ಬಂತು, ಚರ್ಮದ ಮೇಲೆ ಬಂದದ್ದಕ್ಕಿಂತ ಶುದ್ಧವಾಗಿ, ಸಾಬೂನಿನ ಅಂಚು ಇಲ್ಲದೆ.

ಇದರಲ್ಲಿ ಪವಾಡವಿಲ್ಲ. ಎರೆಮಣ್ಣಿನ ಜೇಡಿ ಪದರುಪದರಾಗಿದ್ದು, ಒಣಗಿದಾಗ ಆ ಪದರಗಳ ಮೈಗೆ ಗಾಳಿಯಲ್ಲಿನ ಎಣ್ಣೆಯಂಶಗಳನ್ನು ಅಂಟಿಸಿಕೊಳ್ಳುತ್ತದೆ. ನೀರು ಬಿದ್ದಾಗ ಆ ಜಾಗವನ್ನು ನೀರೇ ಕಿತ್ತುಕೊಳ್ಳುತ್ತದೆ, ಎಣ್ಣೆ ಹೊರಬೀಳುತ್ತದೆ. 1964ರಲ್ಲಿ ಆಸ್ಟ್ರೇಲಿಯಾದ ಬೇರ್ ಮತ್ತು ಥಾಮಸ್ ಎಂಬ ಇಬ್ಬರು ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಒಣ ಜೇಡಿಯ ವಾಸನೆ ಕುರಿತು ಬರೆದದ್ದು ಇದೇ ಸಂಗತಿಯನ್ನು. ಉತ್ತರ ಪ್ರದೇಶದಲ್ಲಿ ಮಣ್ಣಿನಿಂದಲೇ ಅತ್ತರು ಭಟ್ಟಿ ಇಳಿಸುತ್ತಾರೆಂಬುದು ಅವರಿಗೆ ತಿಳಿದಿತ್ತು. ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ದೋಆಬ್ ಸೀಮೆಯ ಎರೆಹೊಲ ಬೇಸಿಗೆಯುದ್ದಕ್ಕೂ ಬೇವಿನ ಹೂವು, ಜಾಲಿ, ಕುರಿಹಟ್ಟಿ, ಸುಟ್ಟ ಹತ್ತಿಕಟ್ಟಿಗೆ ಎಲ್ಲವನ್ನೂ ಹೀಗೇ ಒಳಗಿಟ್ಟುಕೊಂಡಿರುತ್ತದೆ. ರೋಹಿಣಿ ಮಳೆಯ ಮೊದಲ ಹನಿಗೆ ಏಳುವ ವಾಸನೆ ಬರೀ ಮಣ್ಣಿನದಲ್ಲ, ಬೇಸಿಗೆಯ ಮೂರು ತಿಂಗಳದ್ದು.

ಪೌಡರು ವಾಸನೆ ಎಂಬುದು ಮಾತ್ರ ವಿಚಿತ್ರ. ಮೈಗೆ ಬಳಿಯುವ ಪೌಡರಿನ ಮೂಲವಸ್ತುವಾದ ಟಾಲ್ಕಿಗೆ ಸ್ವಂತ ವಾಸನೆಯೇ ಇಲ್ಲ. ಖನಿಜಗಳ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಅದು ತೀರ ಕೆಳಗಿನ ಒಂದನೇ ಸ್ಥಾನದ್ದು, ಉಗುರಿನಿಂದಲೇ ಗೀರಬಹುದು. ಪಾಟಿಯ ಮೇಲೆ ಅಕ್ಷರ ತಿದ್ದಿಸಿದ ಬಳಪದ ಕಲ್ಲೂ ಬಹುಪಾಲು ಅದೇ. ಬಳಪ ಮೂಸಿದವರಿಗೆ, ಕದ್ದು ತಿಂದವರಿಗೂ, ಗೊತ್ತು, ಅದರಲ್ಲಿ ಪರಿಮಳವಿಲ್ಲ. ಪೌಡರಿನ ಡಬ್ಬಿಗೆ ಕಂಪನಿಗಳು ತುಂಬಿದ ಸುಗಂಧವೇ ನಮ್ಮ ತಲೆಯಲ್ಲಿ ಪೌಡರಿನ ವಾಸನೆಯಾಗಿ ಕೂತಿದೆ.

ಆ ಸುಗಂಧದ ಮುಖ್ಯ ಸಾಮಗ್ರಿಗಳೆಲ್ಲ ಹತ್ತೊಂಬತ್ತನೇ ಶತಮಾನದ ಕೊನೆಯ ಮೂರನೇ ಒಂದು ಭಾಗದಲ್ಲಿ ಪ್ರಯೋಗಶಾಲೆಯಿಂದ ಹೊರಬಂದವು. ಒಣಹುಲ್ಲಿನ ಸಿಹಿಯುಳ್ಳ ಕೂಮರಿನ್ ಅನ್ನು ವಿಲಿಯಂ ಪರ್ಕಿನ್ 1868ರಲ್ಲಿ ಕೃತಕವಾಗಿ ತಯಾರಿಸಿದ. ಬಾದಾಮಿ-ಚೆರ್ರಿಯ ಮೆತ್ತಗಿನ ಗಂಧವುಳ್ಳ ಹೀಲಿಯೊಟ್ರೋಪಿನ್ 1869ರಲ್ಲಿ ಸಿಕ್ಕಿತು. ವೆನಿಲಿನ್ 1874ರಲ್ಲಿ, ವಯೊಲೆಟ್ ಹೂವಿನ ಗಂಧದ ಅಯನೋನ್ 1893ರಲ್ಲಿ. ಸಿಡಿಮದ್ದಿನ ಜಾತಿಯ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದ ಆಲ್ಬರ್ಟ್ ಬೌರ್ ಎಂಬ ಜರ್ಮನ್ ವಿಜ್ಞಾನಿಗೆ 1888ರಲ್ಲಿ ಕೃತಕ ಕಸ್ತೂರಿ ದಕ್ಕಿತು. ಹಿಮಾಲಯದ ಕಸ್ತೂರಿ ಮೃಗಕ್ಕೆ ಅದರಿಂದ ಸ್ವಲ್ಪವಾದರೂ ಉಸಿರು ಸಿಕ್ಕಿರಬೇಕು.

ಇವುಗಳಲ್ಲಿ ಕೂಮರಿನ್, ವೆನಿಲಿನ್, ಹೀಲಿಯೊಟ್ರೋಪಿನ್ ಮೂರೂ ತಂಪಿನಲ್ಲಿ ಬಿಳಿಯ ಹರಳುಗಳೇ. ಹೀಲಿಯೊಟ್ರೋಪಿನ್ ಕರಗುವುದು 37 ಡಿಗ್ರಿಗೆ. ಎಂದರೆ ಫ್ರಾನ್ಸಿನ ಗ್ರಾಸ್ ಪಟ್ಟಣದ ಸುಗಂಧದ ಕಪಾಟಿನಲ್ಲಿ ಹರಳಾಗಿ ಕೂತಿರುವ ವಸ್ತು ರಾಯಚೂರಿನ ಏಪ್ರಿಲ್‌ನಲ್ಲಿ ಒಲೆ ಹಚ್ಚದೆಯೇ ನೀರಾಗುತ್ತದೆ. ನಮ್ಮ ಬಯಲುಗಳಲ್ಲಿ, ಕೆರೆ ಒಣಗಿದ ಅಂಗಳದಲ್ಲಿ, ಚೇಳಿನ ಬಾಲದ ಹಾಗೆ ಹೂಗೊಂಚಲು ಸುರುಳಿಯಾಗುವ ಚೇಳುಕೊಂಡಿ ಗಿಡವಿದೆಯಲ್ಲ, ಅದು ಹೀಲಿಯೊಟ್ರೋಪ್ ಕುಲದ್ದೇ. ಸುಗಂಧಕ್ಕೆ ಹೆಸರು ಕೊಟ್ಟದ್ದು ಪೆರು ದೇಶದ ಅದರ ಸೋದರ ಗಿಡ. ನಮ್ಮದನ್ನು ಬಗ್ಗಿ ಬಗ್ಗಿ ಮೂಸಿದ್ದೇನೆ. ಏನೂ ಇಲ್ಲ. ಆದರೆ ಚಿಟ್ಟೆಗಳಿಗೆ ಅದು ಬೇಕು. ಕೆಲವು ಜಾತಿಯ ಗಂಡು ಚಿಟ್ಟೆಗಳು ಅದರ ಒಣಗಿದ ಎಲೆಯಿಂದ ಹೀರುವ ಆಲ್ಕಲಾಯ್ಡಿನಿಂದ ಹೆಣ್ಣನ್ನು ಒಲಿಸುವ ತಮ್ಮದೇ ಗಂಧ ಮಾಡಿಕೊಳ್ಳುತ್ತವೆ. ನಮ್ಮ ಮೂಗಿಗೆ ಸಿಗಲಿಲ್ಲವೆಂದ ಮಾತ್ರಕ್ಕೆ ಗಿಡ ಬರಿದಲ್ಲ.

ದೇವದುರ್ಗದ ದಾರಿಯಲ್ಲಿ ಗಬ್ಬೂರು ದಾಟಿದ ಮೇಲೆ, ಡಿಸೆಂಬರಿನ ಚಳಿಯಲ್ಲಿ, ಈ ಸೀಸೆಯ ವಾಸನೆ ಸೀಸೆಯಿಲ್ಲದೆಯೇ ಬಂತು. ಹತ್ತಿ ಬಿಡಿಸುವ ಕಾಲ. ಹೊಲದ ಬದುವಿನಲ್ಲಿ ಆಳೆತ್ತರದ ಕಂಟಿಗಳು, ಎಲೆಗಿಂತ ಹೆಚ್ಚು ಹಳದಿ ಗುಂಡುಗಳು. ಮೊದಲ ನೋಟಕ್ಕೆ ಕರಿಜಾಲಿ ಅನ್ನಿಸುವುದು ಸಹಜ. ಆದರೆ ಕರಿಜಾಲಿ ಇಲ್ಲಿ ಹೆಚ್ಚಾಗಿ ಹೂವಾಗುವುದು ಮಳೆಗಾಲದಲ್ಲಿ, ಅದು ಬೆಳೆದರೆ ಮರ. ಇದು ಬುಡದಿಂದಲೇ ಕವಲೊಡೆದ ಕಂಟಿ, ರೆಂಬೆಗಳು ಗಂಟಿನಿಂದ ಗಂಟಿಗೆ ಸೊಟ್ಟ ತಿರುಗುತ್ತ ಹೋಗಿವೆ. ಇದು ಕಸ್ತೂರಿ ಜಾಲಿ.

ಖಚಿತಪಡಿಸಿಕೊಳ್ಳಲು ಒಂದು ಗುಂಡನ್ನು ತೊಟ್ಟುಸಮೇತ ಕಿತ್ತು ಮಸೂರದ ಕೆಳಗೆ ಹಿಡಿದೆ. ಕರಿಜಾಲಿಯ ಹೂದೊಟ್ಟಿನ ನಡುಮಧ್ಯದಲ್ಲಿ ಪುಟ್ಟ ಉಂಗುರದಂಥ ಪೊರೆ ಇರುತ್ತದೆ. ಕಸ್ತೂರಿ ಜಾಲಿಯಲ್ಲಿ ಅದು ತೊಟ್ಟಿನ ತುದಿಗೆ ಸರಿದು ಗುಂಡಿನ ಅಡಿಯಲ್ಲಿ ಅಡಗಿರುತ್ತದೆ. ಕಾಯಿ ನೋಡಿದರಂತೂ ಸಂಶಯವೇ ಬೇಡ. ಕರಿಜಾಲಿಯದ್ದು ಮಣಿ ಪೋಣಿಸಿದ ಚಪ್ಪಟೆ ಸರ, ಮೈಮೇಲೆ ಬೂದಿ ತುಪ್ಪಳ. ಕಸ್ತೂರಿ ಜಾಲಿಯದ್ದು ಉಬ್ಬಿದ, ನುಣುಪಾದ, ಕಂದುಗಪ್ಪು ಬಣ್ಣದ ಗಿಡ್ಡ ಕಾಯಿ. ಹಳದಿ ಗುಂಡು ಒಂದು ಹೂವಲ್ಲ, ಹತ್ತಾರು ಹೂಗಳ ಸಂತೆ. ಎಸಳು ಕಣ್ಣಿಗೆ ಬೀಳುವುದಿಲ್ಲ, ಹೊರಗೆ ಚಾಚಿದ್ದೆಲ್ಲ ಕೇಸರಗಳೇ. ಅವುಗಳ ತುದಿಯ ಪರಾಗವೂ ಬಿಡಿಬಿಡಿ ಕಾಳಲ್ಲ, ಹಲವು ಕಾಳು ಒಂದಕ್ಕೊಂದು ಅಂಟಿದ ಕಂತೆ. ಬೆರಳಿಗೆ ಸವರಿದರೆ ಹಳದಿ ಹುಡಿ.

ಆ ಹುಡಿಯನ್ನು ಒಂದು ಮುಂಗೈಗೂ ಸೀಸೆಯ ಅತ್ತರನ್ನು ಇನ್ನೊಂದಕ್ಕೂ ಹಚ್ಚಿ, ಬದುವಿನ ಮೇಲೆ ಕೂತು ಒಂದಾದ ಮೇಲೊಂದು ಮೂಸಿದೆ. ನಡುನಡುವೆ ಎದ್ದು ಹತ್ತಿಹೊಲದ ಕಡೆ ಮುಖ ಮಾಡಿ ಬರೀ ಗಾಳಿ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಮೂಗು ಸುಳ್ಳು ಹೇಳತೊಡಗುತ್ತದೆ. ನಡುವಿನ ಭಾಗದಲ್ಲಿ ಎರಡಕ್ಕೂ ಅಚ್ಚರಿಯ ಹೊಂದಿಕೆ: ಅದೇ ಒಣ ಸಿಹಿ, ಅದೇ ಮೆತ್ತನೆ. ವ್ಯತ್ಯಾಸವಿದ್ದದ್ದು ಅಂಚುಗಳಲ್ಲಿ. ಜಾಲಿ ಹೂವಿನಲ್ಲಿ ಮೊದಲ ಉಸಿರಿಗೇ ನೋವಿನ ಮುಲಾಮಿನ ಸೆಳಕೊಂದು ಸಿಗುತ್ತದೆ. ಅದು ಮೀಥೈಲ್ ಸ್ಯಾಲಿಸಿಲೇಟ್, ಮುಲಾಮುಗಳಲ್ಲೂ ಇರುವುದು ಅದೇ. ಆಮೇಲೆ ಸೋಂಪಿನ ಸಿಹಿ, ಅದರ ಬುಡದಲ್ಲಿ ಸ್ವಲ್ಪ ಜೀರಿಗೆಯ ಒಗರು, ಹಸಿ ಕಟ್ಟಿಗೆಯ ಕಮಟು. ಸೀಸೆಯಲ್ಲಿ ಈ ಅಂಚುಗಳಿಲ್ಲ, ಸಿಹಿಯ ಮೇಲೆ ಸಿಹಿ. ಅಗ್ಗದ ಪರಿಮಳದ ಕೊರತೆ ಕೃತಕ ಎನ್ನುವುದಲ್ಲ, ಅದರಲ್ಲಿ ಕಹಿ ಇಲ್ಲ ಎನ್ನುವುದು. ಕಂಟಿಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ, ಮೂಗು ಮುಚ್ಚುವಂಥ ನಾತ. ಅಂಥ ಮೈಯಿಂದಲೇ ಈ ಹೂವು.

ಕಸ್ತೂರಿ ಜಾಲಿ ಈ ನೆಲದ್ದಲ್ಲ. ಅಮೆರಿಕ ಖಂಡದ ಉಷ್ಣ ಸೀಮೆಯದು. 1611ರಲ್ಲಿ ಸ್ಯಾಂಟೊ ಡೊಮಿಂಗೊದಿಂದ ಬಂದ ಬೀಜ ರೋಮ್ ನಗರದ ಫಾರ್ನೀಸ್ ಮನೆತನದ ತೋಟದಲ್ಲಿ ಮೊಳೆಯಿತು. 1625ರ ಪುಸ್ತಕವೊಂದು ಅದನ್ನು ವರ್ಣಿಸಿತು. 1753ರಲ್ಲಿ ಲಿನೇಯಸ್ ಆ ಮನೆತನದ ಹೆಸರನ್ನೇ ಗಿಡಕ್ಕೆ ಅಂಟಿಸಿದ. ಈಗಿನ ಶಾಸ್ತ್ರೀಯ ಹೆಸರು ವಚೇಲಿಯ ಫಾರ್ನೇಸಿಯಾನ. ದಕ್ಷಿಣ ಫ್ರಾನ್ಸಿನ ಗ್ರಾಸ್, ಕಾನ್ ಪಟ್ಟಣಗಳ ಸುತ್ತ ಅದನ್ನು ತೋಟವಾಗಿ ಬೆಳೆಸಿ, ಹೂ ಕೊಯ್ದು, ಕ್ಯಾಸಿ ಎಂಬ ಹೆಸರಿನಲ್ಲಿ ಸಾರ ತೆಗೆದರು. ದುಬಾರಿ ಸುಗಂಧಗಳಲ್ಲಿ ಪೌಡರಿನ ಹದ ತರಲು ಅದನ್ನು ಇಂದಿಗೂ ತೊಟ್ಟು ತೊಟ್ಟಾಗಿ ಬಳಸುತ್ತಾರೆ. ಅದೇ ಗಿಡ ನಮ್ಮಲ್ಲಿ ದನ ತಡೆಯುವ ಬೇಲಿ. ಬಳ್ಳಾರಿ ಜಾಲಿಯೂ ಅಮೆರಿಕದಿಂದಲೇ ಬಂದದ್ದು, ರಾಯಚೂರಿನ ಬಜಾರಿನಲ್ಲಿ ರಾಶಿ ಬೀಳುವ ಮೆಣಸಿನಕಾಯಿಯೂ ಅಲ್ಲಿಯದೇ. ಮೂರರಲ್ಲಿ ಒಂದಕ್ಕೆ ಮಾರುಕಟ್ಟೆ ಸಿಕ್ಕಿತು, ಇನ್ನೊಂದಕ್ಕೆ ಬೈಗುಳ ಸಿಕ್ಕಿತು, ಕಸ್ತೂರಿ ಜಾಲಿಯನ್ನು ಯಾರೂ ವಿಚಾರಿಸಲಿಲ್ಲ.

ಹೂಬಿಟ್ಟ ಒಂದು ರೆಂಬೆಯನ್ನು ಕಾಗದದಲ್ಲಿ ಸುತ್ತಿ ರಾಯಚೂರಿಗೆ ತಂದು ಅಂಗಡಿಯವನಿಗೆ ಕೊಟ್ಟೆ. ಮುಳ್ಳು ತಪ್ಪಿಸಿ ಹಿಡಿದು, ಕಣ್ಣು ಮುಚ್ಚಿ, ಸಣ್ಣ ಸಣ್ಣ ಉಸಿರಿನಲ್ಲಿ ಮೂಸಿದ. ದಂಧೆಯವರು ಮೂಸುವ ಕ್ರಮವೇ ಬೇರೆ, ನಮ್ಮ ಹಾಗೆ ಒಮ್ಮೆಗೇ ಎಳೆದುಕೊಳ್ಳುವುದಿಲ್ಲ. “ಮಾಲು ಛಲೋ ಐತ್ರಿ, ಖರೆ ಇದರಾಗ ಯಾರೋ ಬಾಮ್ ಕೂಡಿಸ್ಯಾರ” ಎಂದ. ಮೀಥೈಲ್ ಸ್ಯಾಲಿಸಿಲೇಟನ್ನು ಆತ ಹೆಸರಿಲ್ಲದೆಯೇ ಹಿಡಿದಿದ್ದ.

ಹೂವಿಗೆ ಬರುವ ಗಿರಾಕಿಗಳು ಅತ್ತರಿಗೆ ಬರುತ್ತವೆಯೇ ಎಂಬ ಕುತೂಹಲ ಉಳಿದಿತ್ತು. ಅದೇ ಕಂಟಿಯ ಹೂವಿಲ್ಲದ ರೆಂಬೆಗೆ ಅತ್ತರಿನ ಹತ್ತಿ ಕಟ್ಟಿ ನೆರಳಲ್ಲಿ ಕೂತೆ. ಹೂವಿನ ಮೇಲೆ ಕೋಲುಜೇನಿನ ಸಣ್ಣ ಹುಳುಗಳು ಬಿಡುವಿಲ್ಲದೆ ಓಡಾಡುತ್ತಿದ್ದವು. ಜಾಲಿ ಗುಂಡಿನಲ್ಲಿ ಮಕರಂದ ಸಿಗುವುದಿಲ್ಲ, ಅವು ಬರುವುದು ಹಳದಿ ಹುಡಿಗೆ, ಹಿಂಗಾಲಿನ ಬುಟ್ಟಿ ತುಂಬಿಕೊಂಡು ಹೋಗಲು. ಹತ್ತಿಯ ಹತ್ತಿರ ಒಂದೂ ಸುಳಿಯಲಿಲ್ಲ. ಕೊಂಬೆ ಹತ್ತುತ್ತಿದ್ದ ಕಟ್ಟಿರುವೆಯೊಂದು ಮೀಸೆ ತಾಗಿಸಿ, ಹಿಂದೆ ಸರಿದು, ಸುತ್ತುಹಾಕಿ ಹೋಯಿತು. ಜೇನುಹುಳು ವಾಸನೆ ಕಲಿಯುವುದು ಅದರ ಜೊತೆ ಊಟ ಸಿಕ್ಕಾಗ. ಬರೀ ಸುವಾಸನೆ ಅದಕ್ಕೆ ಸುದ್ದಿಯಲ್ಲ.

ಎಲ್ಲ ಹುಳುಗಳೂ ಹಾಗೆ ಬಿಗುವಿನವಲ್ಲ. 1912ರಲ್ಲಿ ಹೌಲೆಟ್ ಎಂಬ ಕೀಟಶಾಸ್ತ್ರಜ್ಞ ಬಿಹಾರದ ಪೂಸಾದಲ್ಲಿದ್ದಾಗ ಸಿಟ್ರೊನೆಲ್ಲ ಎಣ್ಣೆಗೆ ಹಣ್ಣುನೊಣಗಳು, ಅದೂ ಗಂಡುಗಳೇ, ಮುತ್ತುವುದನ್ನು ವರದಿ ಮಾಡಿದ. ಬೆನ್ನುಹತ್ತಿ ಹೋದಾಗ ಮೀಥೈಲ್ ಯೂಜಿನಾಲ್ ಸಿಕ್ಕಿತು. ಇಂದು ಮಾವಿನ ತೋಟಗಳಲ್ಲಿ ತೂಗಾಡುವ ಪ್ಲಾಸ್ಟಿಕ್ ಮೋಹಕ ಬಲೆಗಳಲ್ಲಿರುವುದು ಅದೇ ಸುಗಂಧ. ಅತ್ತರು ಹಚ್ಚಿಕೊಂಡು ಹೊಲ ಸುತ್ತುವವರಿಗೆ ಒಂದು ಎಚ್ಚರಿಕೆಯ ಮಾತು: ಬಾಳೆಹಣ್ಣಿನ ಸಿಹಿಯುಳ್ಳ ಅಗ್ಗದ ಪರಿಮಳ ಹಚ್ಚಿದ ದಿನ ಹೆಜ್ಜೇನಿನ ಹುಟ್ಟಿನ ಹತ್ತಿರ ಹೋಗಬೇಡಿ. ಬಾಳೆಹಣ್ಣಿನ ಆ ವಾಸನೆಯ ಐಸೊಅಮೈಲ್ ಅಸಿಟೇಟೇ ಜೇನುಹುಳು ಕಚ್ಚುವಾಗ ಬಿಡುವ ಅಪಾಯದ ಕೂಗು. ಪೌಡರಿನ ಸಿಹಿಗೆ ಆ ತಂಟೆ ಇಲ್ಲ.

ಚೈತ್ರದಲ್ಲಿ ರಾಯಚೂರಿಗೆ ಬೇವಿನ ಹೂವಿನ ವಾಸನೆ. ಕೋಟೆಯ ಗೋಡೆಯ ಬದಿಯಲ್ಲೂ ಬಸ್‌ಸ್ಟ್ಯಾಂಡಿನ ಹಿಂದೆಯೂ ಸಂಜೆ ಜೇನಿನ ಸಿಹಿ ಇಳಿಯುತ್ತದೆ. ಅದಾದ ಮೇಲೆ ಬಾಗೆ ಮರದ ಸರದಿ. ಹಸಿರುಬಿಳಿ ಕೇಸರದ ಅದರ ಹೂವು ಕತ್ತಲಾದಂತೆ ಗಾಢವಾಗುತ್ತದೆ. ಸಂಸ್ಕೃತ ಕವಿಗಳು ಶಿರೀಷವೆಂದು ಕರೆದು ಕೋಮಲತೆಗೆ ಮಾದರಿ ಮಾಡಿದ್ದು ಇದನ್ನೇ. ಈ ಎರಡರ ಮುಂದೆ ಸೀಸೆಯ ಅತ್ತರು ಬಡವಾಗಿ ತೋರುತ್ತದೆ, ಆ ತಿಂಗಳುಗಳಲ್ಲಿ ಅದನ್ನು ಮುಟ್ಟದಿರುವುದೇ ಲೇಸು.

ಇದೇ ಜಿಲ್ಲೆಯ ಮಾನ್ವಿ ತಾಲ್ಲೂಕಿನ ಕಡೆ ಗಾಳಿಯ ಹದವೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಕಡೆ ಭತ್ತ, ಬಾರದ ಕಡೆ ಒಣಬೇಸಾಯ. ಗದ್ದೆಯ ಬದುವಿನಲ್ಲಿ ಗಾಳಿ ತೇವ, ಒಣ ಹೊಲಕ್ಕಿಂತ ತುಸು ತಂಪು. ಅದೇ ಅತ್ತರು ಇಲ್ಲಿ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಒಣಗಾಳಿಯಲ್ಲಿ ಮೂಗಿನ ಒಳಪೊರೆಯೂ ಒಣಗಿರುತ್ತದೆ, ತೇವದಲ್ಲಿ ಅದು ಚುರುಕು. ಆದ್ದರಿಂದ ಬದಲಾದದ್ದು ಅತ್ತರೋ ನಾನೋ ಎಂದು ಬೇರ್ಪಡಿಸುವುದು ಕಷ್ಟ.

ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು ಬದುವಿಗೆ ಎಸೆದ ಜೇಕಿನ ರಾಶಿಯಿಂದ ಒಂದು ಗಡ್ಡೆ ಎತ್ತಿಕೊಂಡೆ. ಕರಿಯ, ಕಡಲೆಗಿಂತ ಸ್ವಲ್ಪ ದೊಡ್ಡದು, ಮೈತುಂಬ ನಾರು. ಹಲ್ಲಿನಿಂದ ಕಚ್ಚಿದರೆ ಕರ್ಪೂರ, ಒಣಕಟ್ಟಿಗೆ, ಮಣ್ಣು ಮೂರೂ ಒಟ್ಟಿಗೆ. ಇದೇ ಕೊನ್ನಾರಿ ಗಡ್ಡೆ. ಟಾಲ್ಕಿನ ಡಬ್ಬಿ ಬರುವ ಮೊದಲು ನಮ್ಮವರ ಪೌಡರು ವಾಸನೆ ಹುಟ್ಟುತ್ತಿದ್ದದ್ದು ಇಂಥ ಬೇರುಗಡ್ಡೆಗ‌ಳಿಂದ: ಗಂಧದ ಹುಡಿ, ಕಚೋರ, ಕೊನ್ನಾರಿ ಕುಟ್ಟಿ ವಸ್ತ್ರಗಾಳಿಸಿದ ಹುಡಿ. ವಿಠ್ಠಲನ ಭಕ್ತರು ಹಣೆಗಿಟ್ಟುಕೊಳ್ಳುವ ಬುಕ್ಕಿಟ್ಟು ಆ ವಂಶದ್ದೇ. ಈ ತಾಲ್ಲೂಕು ವಿಠ್ಠಲನ ಹೆಸರಿನ ಅಂಕಿತದಲ್ಲಿ ಹಾಡು ಕಟ್ಟಿದ ಹರಿದಾಸರ ಸೀಮೆ. ವಿಜಯದಾಸರ ಚೀಕಲಪರ್ವಿ ಇಲ್ಲೇ ತುಂಗಭದ್ರೆಯ ದಂಡೆಯಲ್ಲಿದೆ, ‘ಹರಿಕಥಾಮೃತಸಾರ’ದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ಬಾಳಿದವರು. ಈಗ ಅಂಗಡಿಯಲ್ಲಿ ಸಿಗುವ ಬುಕ್ಕಿಟ್ಟನ್ನು ಮೂಸಿದರೆ ಮಾತ್ರ ಅದರಲ್ಲೂ ನನ್ನ ಸೀಸೆಯ ಕೃತಕ ಕಸ್ತೂರಿಯೇ ಮುಂದೆ ಬರುತ್ತದೆ.

ಆ ಕಸ್ತೂರಿಯ ಬಗ್ಗೆ ನನಗೆ ಒಲವಿಲ್ಲ. ಅತ್ತರು ತಾಗಿಸಿದ್ದ ಟವೆಲ್ಲನ್ನು ಸಾಬೂನು ಹಚ್ಚಿ ಒಗೆದು ಬಿಸಿಲಿಗೆ ಹಾಕಿದೆ. ಸಿಹಿ ಹೋಯಿತು, ಪೌಡರು ಹೋಯಿತು, ಹನಿ ಬಿದ್ದ ಕಡೆ ವೆನಿಲಿನ್ ಇದ್ದಲ್ಲಿ ಮೂಡುವ ಕಂದು ಕಲೆ ಉಳಿಯಿತು, ಕಸ್ತೂರಿಯೂ ಉಳಿಯಿತು. ಇಂದಿನ ಅಗ್ಗದ ಪರಿಮಳಗಳಲ್ಲಿ ಬಳಕೆಯಾಗುವ, 1960ರ ದಶಕದಲ್ಲಿ ಬಂದ ಗ್ಯಾಲಕ್ಸೊಲೈಡ್ ಜಾತಿಯ ಕಸ್ತೂರಿಗಳು ಬೇಗ ಕೊಳೆಯುವುದಿಲ್ಲ. ಜಗತ್ತಿನ ಹಲವು ನದಿಗಳ ನೀರಿನಲ್ಲೂ ಮೀನಿನ ಕೊಬ್ಬಿನಲ್ಲೂ ಅವು ಪತ್ತೆಯಾಗಿವೆ. ಎಷ್ಟೋ ಜನರಿಗೆ ಅದರ ವಾಸನೆಯೇ ಸಿಗುವುದಿಲ್ಲ. ಹಚ್ಚಿಕೊಂಡವರು ಹಾರಿಹೋಯಿತೆಂದು ಮತ್ತೆ ಮತ್ತೆ ಬಳಿಯುತ್ತಾರೆ, ಪಕ್ಕದವರಿಗೆ ತಲೆಶೂಲೆ. ಉರುಳುವ ಗುಂಡನ್ನು ಒಂದೇ ಒಂದು ಸಲ ಎಳೆದರೆ ಸಾಕು, ಅದೂ ಬಟ್ಟೆಗೆ.

ಮಾನ್ವಿಯಲ್ಲಿ ಮಳೆ ಹಿಡಿದ ಮೇಲೆ ಹಿತ್ತಿಲಿನ ಮದರಂಗಿ ಬೇಲಿಗಳು ಹೂವಾದವು. ಕೈಗೆ ಹಚ್ಚುವ ಎಲೆಗೆ ಇರುವಷ್ಟು ಗಿರಾಕಿ ಅದರ ಹೂವಿಗಿಲ್ಲ. ಕೆನೆಬಣ್ಣದ ಪುಟ್ಟ ಪುಟ್ಟ ಹೂಗಳ ಸಡಿಲ ಗೊಂಚಲು, ನಾಲ್ಕು ಸುಕ್ಕು ಎಸಳು, ನಡುವೆ ಜೋಡಿ ಜೋಡಿಯಾಗಿ ಎದ್ದ ಎಂಟು ಕೇಸರ. ಗೊಂಚಲಿನೊಳಗೆ ಮುಖವಿಟ್ಟೆ. ಮೊದಲ ಉಸಿರಿಗೆ ತುಂಬು ಪರಿಮಳ, ಪೌಡರಿನದೇ, ಆದರೆ ಅದರಲ್ಲಿ ಚಹಾದ ಒಗರು. ಎರಡನೇ ಉಸಿರಿಗೆ ಏನೂ ಇಲ್ಲ. ಮುಖ ತಿರುಗಿಸಿ ಹತ್ತೆಣಿಸಿ ಮತ್ತೆ ಬಗ್ಗಿದರೆ ಮತ್ತೆ ತುಂಬು. ಮದರಂಗಿ ಹೂವಿನ ಎಣ್ಣೆಯ ಮುಖ್ಯ ಅಂಶ ಅಯನೋನ್. ನಮ್ಮ ಮೂಗು ಅದಕ್ಕೆ ಕ್ಷಣದಲ್ಲಿ ದಣಿದು ಕ್ಷಣದಲ್ಲಿ ಚೇತರಿಸಿಕೊಳ್ಳುತ್ತದೆ. ಹೂವು ಗಂಧ ಬಿಡುತ್ತಲೇ ಇರುತ್ತದೆ, ಬಂದು ಹೋಗುವುದು ನಮ್ಮ ಗ್ರಹಿಕೆ. ಸೀಸೆಯ ಅತ್ತರಿನಲ್ಲೂ ಈ ಕಣ್ಣಾಮುಚ್ಚಾಲೆ ಸ್ವಲ್ಪ ಇತ್ತೆಂದು ಆಗ ಹಳೆಯ ಟಿಪ್ಪಣಿ ತೆರೆದು ನೋಡಿಕೊಂಡೆ. ‘ಬಂತು, ಹೋಯಿತು, ಬಂತು’ ಎಂದು ಮುಂಗೈ ಸಾಲಿನಲ್ಲೇ ಬರೆದಿತ್ತು.

ಬಜಾರಿನಲ್ಲಿ ಹೀನಾ ಎಂದು ಮಾರುವ ಅತ್ತರು ಈ ಹೂವಿನದಲ್ಲ. ಅದು ಹತ್ತಾರು ಮಸಾಲೆ, ಬೇರು, ಪಾಚಿಗಳ ಬೆರಕೆ, ಬಣ್ಣವೂ ಗಾಢ, ಗುಣವೂ ಬಿಸಿ, ಚಳಿಗಾಲಕ್ಕೆ ಸರಿ. ಬರೀ ಹೂವಿನದು ಬೇಕಿದ್ದರೆ ಗುಲ್-ಹೀನಾ ಎಂದು ಕೇಳಬೇಕು. ಕೇಳಿದೆ. “ಅದು ಕನೌಜಿನಿಂದ ತರಸಬೇಕ್ರಿ, ತೊಲಾದ ಮ್ಯಾಲ ರೇಟು” ಎಂದು ಅಂಗಡಿಯವ ಹೇಳಿದ ಬೆಲೆಗೆ ನನ್ನ ಸೀಸೆಗಳು ಎಷ್ಟೋ ಬರುತ್ತಿದ್ದವು. ಮಾನ್ವಿಯ ಆ ಬೇಲಿಯನ್ನು ಮನೆಯವರು ಆಗಸ್ಟಿನಲ್ಲಿ ಎಲೆಗಾಗಿ ಸವರುತ್ತಾರಂತೆ. ಹೂವು ನೋಡುವವರು ಅದಕ್ಕೂ ಮೊದಲು ಹೋಗಬೇಕು, ಬೆಳಿಗ್ಗೆ ಏಳರೊಳಗೆ.